ನಮ್ಮ ಭಾವನೂ ನಲವತ್ತೆರಡು ಮನೆಯ ನಲ್ಲಿಗಳೂ

ನಮ್ಮ ಭಾವ ಆ ದಿನ ಕೈ ಎತ್ತಿದ್ದು ಫ್ಯಾನಿನ ವೇಗ ಕಡಿಮೆ ಮಾಡಿಸಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ಅವರೇ ಈ ಸಂಗತಿಯನ್ನು ನಾಲ್ಕಾರು ಬಗೆಯಲ್ಲಿ ಹೇಳಿದ್ದಾರೆ. ಒಂದು ಬಗೆಯಲ್ಲಂತೂ ಫ್ಯಾನೇ ಇಲ್ಲ.

ಮಗಳ ಶಾಲೆಯಲ್ಲಿ ಪೋಷಕರ ಸಭೆ. ಭಾವ ಕೂತ ಜಾಗಕ್ಕೆ ಸರಿಯಾಗಿ ಮೇಲೊಂದು ಫ್ಯಾನು. ಬೆಳಿಗ್ಗೆ ಕನ್ನಡಿಯ ಮುಂದೆ ಕಾಲು ಗಂಟೆ ನಿಂತು ಎಡದಿಂದ ಬಲಕ್ಕೆ ಜೋಡಿಸಿದ್ದ ಇದ್ದಷ್ಟೇ ಕೂದಲನ್ನು ಅದು ಬಲದಿಂದ ಎಡಕ್ಕೆ ತರುತ್ತಿತ್ತು. ಅತ್ತ ವೇದಿಕೆಯ ಮೇಲೆ ಮುಖ್ಯೋಪಾಧ್ಯಾಯಿನಿ ಮಾತಾಡುತ್ತಿದ್ದರು. ಎಂಟನೇ ತರಗತಿಯ ಮಕ್ಕಳು ತಂಡ ಕಟ್ಟಿಕೊಂಡು ಊರಿಗೆ ಬೇಕಾದ ಒಂದೊಂದು ಕೆಲಸವನ್ನು ತಾವೇ ಆರಿಸಿ, ತಾವೇ ಯೋಜನೆ ಹಾಕಿ, ತಾವೇ ಮಾಡಿ ಮುಗಿಸಬೇಕಂತೆ. ನಾಯಕತ್ವ ಕಲಿಯುವುದು ಹೀಗೇ ಅಂತೆ. ಪ್ರತಿ ತಂಡಕ್ಕೂ ದೊಡ್ಡವರೊಬ್ಬರು ಮಾರ್ಗದರ್ಶಕರಾಗಿ ಬೇಕಂತೆ. ಯಾರು ಮುಂದೆ ಬರುತ್ತೀರಿ ಎಂದು ಅವರು ಕೇಳಿದ್ದೇ ತಡ, ಇನ್ನೂರು ಜನ ತಂದೆತಾಯಂದಿರು ತಮ್ಮ ತಮ್ಮ ಚಪ್ಪಲಿಗಳನ್ನು ಎಂದೂ ಕಾಣದವರ ಹಾಗೆ ನೋಡತೊಡಗಿದರು. ಅದೇ ಗಳಿಗೆಯಲ್ಲಿ ಒಂದು ಕೈ ಮೇಲೆದ್ದಿತು.

ಚಪ್ಪಾಳೆ ಬಿತ್ತು. ಯಾರಿಗೆಂದು ಭಾವ ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆ ಇತ್ತು.

ಎಲ್ಲಿ ಕೆಲಸ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು. ನೀರು ಸರಬರಾಜು ಕಚೇರಿ ಎಂದರು ಭಾವ. ಆಕೆಯ ಮುಖ ಅರಳಿತು. ಒಂದು ತಂಡ ಸೋರುವ ನಲ್ಲಿಗಳನ್ನು ರಿಪೇರಿ ಮಾಡುವ ಕೆಲಸವನ್ನೇ ಆರಿಸಿಕೊಂಡಿದೆ, ನೀವೇ ಸಿಕ್ಕಿದ್ದು ಮಕ್ಕಳ ಪುಣ್ಯ ಎಂದರು.

ಇಲ್ಲಿ ಒಂದು ಮಾತು ಹೇಳಬೇಕು. ಭಾವ ನೀರು ಸರಬರಾಜು ಕಚೇರಿಯಲ್ಲಿರುವುದು ನಿಜ. ಆದರೆ ದಾಖಲೆ ವಿಭಾಗದ ಗುಮಾಸ್ತರಾಗಿ. ಯಾವ ಮನೆಗೆ ಯಾವ ವರ್ಷ ನೀರಿನ ಸಂಪರ್ಕ ಕೊಟ್ಟರು, ಪೈಪು ಎಷ್ಟು ಇಂಚು, ಮನೆಯಲ್ಲಿ ಸಂಪು ಇದೆಯೋ ಇಲ್ಲವೋ, ಇದನ್ನೆಲ್ಲ ಹತ್ತೊಂಬತ್ತು ವರ್ಷದಿಂದ ದಪ್ಪ ರಿಜಿಸ್ಟರಿನಲ್ಲಿ ಅಂದವಾದ ಅಕ್ಷರದಲ್ಲಿ ಬರೆಯುತ್ತ ಬಂದಿದ್ದಾರೆ. ನಲ್ಲಿಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಇಷ್ಟೇ: ತಿರುಗಿಸಿದರೆ ನೀರು ಬರುತ್ತದೆ, ಬಾರದಿದ್ದರೆ ಅಕ್ಕನನ್ನು ಕೂಗಬೇಕು. ಹಾಗೆಂದು ಅಲ್ಲೇ ಹೇಳಿಬಿಟ್ಟಿದ್ದರೆ ಕಥೆ ಮುಗಿದುಹೋಗುತ್ತಿತ್ತು. ಆದರೆ ಇನ್ನೂರು ಜನ ನೋಡುತ್ತಿದ್ದರು. ಮೊದಲನೇ ಸಾಲಿನಲ್ಲಿ ಮಗಳು ಕೂತಿದ್ದಳು. ಭಾವನ ಬಾಯಿಂದ, "ಹೌದು ಮೇಡಂ, ಅದೇ ನಮ್ಮ ಕೆಲಸ" ಎಂಬ ಮಾತು ತಾನಾಗಿ ಹೊರಬಿತ್ತು.

ಮನೆಗೆ ಬಂದು ಸುದ್ದಿ ಹೇಳಿದಾಗ ಅಕ್ಕ "ನೀವಾ?" ಎಂದಳು. ಹದಿನಾರು ವರ್ಷದ ಸಂಸಾರವೆಲ್ಲ ಆ ಒಂದು ಮಾತಿನಲ್ಲಿತ್ತು. ಅವರ ಮನೆಯ ಮಹಡಿ ಕೋಣೆಯಲ್ಲಿ ವಾಸ ಮಾಡುತ್ತ, ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವ ನಾನು, ಬೇರೆಯವರ ತಪ್ಪು ಕಂಡರೂ ಸುಮ್ಮನಿರುವುದು ಹೇಗೆಂದು ಬಲ್ಲವನು. ಸುಮ್ಮನಿದ್ದೆ.

ಸುದ್ದಿ ಸುಮ್ಮನಿರಲಿಲ್ಲ. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಒಂದು ಹಳೆಯ ನಲ್ಲಿಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ತಂದರು. ಭಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಡಾಕ್ಟರು ಎಕ್ಸ್‌ರೇ ನೋಡುವ ಗತ್ತಿನಲ್ಲಿ ಅತ್ತಿತ್ತ ತಿರುಗಿಸಿ, ಬಹಳ ಹೊತ್ತಿನ ಮೇಲೆ "ವಯಸ್ಸಾಗಿದೆ" ಎಂದರು. ಪೋಸ್ಟ್‌ಮಾಸ್ಟರು ಬೆರಗಾದರು. ಆ ನಲ್ಲಿ ಹಾಕಿಸಿ ಇಪ್ಪತ್ತೆರಡು ವರ್ಷವಾಗಿತ್ತಂತೆ. ಮುಟ್ಟಿ ನೋಡಿಯೇ ಹೇಳಿಬಿಟ್ಟರಲ್ಲ ಎಂದು ಬೀದಿಯೆಲ್ಲ ಹೇಳಿಕೊಂಡು ಬಂದರು. ಆ ವಾರದಲ್ಲಿ ಭಾವ ಹನ್ನೊಂದು ನಲ್ಲಿಗಳನ್ನು ನೋಡಿದರು. ಎಲ್ಲಕ್ಕೂ ವಯಸ್ಸಾಗಿತ್ತು.

ಭಾನುವಾರ ತಂಡ ನಮ್ಮ ಮಹಡಿಗೆ ಬಂತು. ಭಾವನ ಮಗಳೂ ಸೇರಿ ಹದಿನಾಲ್ಕು ಮಕ್ಕಳು. ಅವರ ನಾಯಕಿ ಕಡ್ಡಿಯಂಥ ಒಬ್ಬ ಹುಡುಗಿ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಉದ್ದನೆಯ ಪುಸ್ತಕ. ಯಾವುದನ್ನು ಕಂಡರೂ ಪಟ್ಟಿ ಮಾಡುತ್ತಿದ್ದುದರಿಂದ ತರಗತಿಯಲ್ಲಿ ಅವಳಿಗೆ ಪಟ್ಟಿ ಎಂದೇ ಹೆಸರು ಬಿದ್ದಿತ್ತು. ಭಾವ ಒಂದು ಗಂಟೆ ಹತ್ತು ನಿಮಿಷ ನಾಯಕತ್ವದ ಮೇಲೆ ಮಾತಾಡಿದರು. ನಾಯಕನಾದವನು ಮುಂದೆ ನಡೆಯಬೇಕು ಎಂದು, ಅದನ್ನು ತೋರಿಸಲು ಮುಂದೆ ನಡೆದು, ನೀರಿನ ಟ್ಯಾಂಕಿಗೆ ಮಂಡಿ ತಗುಲಿಸಿಕೊಂಡರು. ಮಾತೆಲ್ಲ ಮುಗಿದ ಮೇಲೆ ಪಟ್ಟಿ ಎದ್ದು ನಿಂತಳು.

"ಅಂಕಲ್, ಅರ್ಧ ಇಂಚಿನ ನಲ್ಲಿಗೆ ಯಾವ ವಾಷರ್ ಹಾಕ್ಬೇಕು? ರಬ್ಬರಿಂದಾ, ಚರ್ಮದ್ದಾ?"

ಭಾವ ಆಕಾಶ ನೋಡಿದರು. ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

"ನೋಡಮ್ಮಾ, ಒಳ್ಳೆ ಮಾರ್ಗದರ್ಶಕ ಉತ್ತರ ಕೊಡಲ್ಲ. ಉತ್ತರ ಹುಡುಕೋಕೆ ಬಿಡ್ತಾನೆ" ಎಂದರು.

ಹದಿನಾಲ್ಕು ಪೆನ್ಸಿಲುಗಳು ಆ ಮಾತನ್ನು ಬರೆದುಕೊಂಡವು.

ಮುಂದೆ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಬೆರಗಾಗುತ್ತದೆ. ಉತ್ತರ ಸಿಕ್ಕದ ಮಕ್ಕಳು ಉತ್ತರ ಹುಡುಕಲು ಹೊರಟೇಬಿಟ್ಟರು. ಇಬ್ಬರು ಹಾರ್ಡ್‌ವೇರ್ ಅಂಗಡಿಯ ಮುದುಕನ ಮುಂದೆ ಎರಡು ಸಂಜೆ ಕೂತರು. ಮೂವರು ಒಬ್ಬ ಪ್ಲಂಬರಿನ ಬೆನ್ನು ಹತ್ತಿ, ಅವನು ಬೇಡವೆಂದರೂ ಬಿಡದೆ, ಅವನ ಚೀಲ ಹೊತ್ತು ತಿರುಗಿ ಕೆಲಸ ಕಲಿತರು. ಕಲಿತವರು ಉಳಿದವರಿಗೆ ಕಲಿಸಿದರು. ಅವರು ಬಂದು ಕಷ್ಟದ ಪ್ರಶ್ನೆ ಕೇಳಿದಾಗಲೆಲ್ಲ ಭಾವ ಅದೇ ಉತ್ತರ ಕೊಟ್ಟರು, ಅವರು ಮತ್ತೆ ಹೊರಟರು. ಎರಡೇ ವಾರದಲ್ಲಿ ನಮ್ಮ ಭಾವನ ಮಗಳು, ಊಟದ ತಟ್ಟೆ ಎತ್ತಿಡಲು ಮೂರು ಸಲ ಹೇಳಿಸಿಕೊಳ್ಳುವವಳು, ನಲ್ಲಿಯೊಂದನ್ನು ಪೂರ್ತಿ ಬಿಚ್ಚಿ, ವಾಷರ್ ಬದಲಿಸಿ, ಜೋಡಿಸಿ, ನಾಲ್ಕು ನಿಮಿಷಕ್ಕೆ ಮುಗಿಸಿದಳು. ಏನೂ ಗೊತ್ತಿಲ್ಲದ ಗುರುವಿನಿಂದ ಇಷ್ಟು ಕಲಿತ ಶಿಷ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟೇ ಅಲ್ಲ. ಬೀದಿಯ ನಲವತ್ತೆರಡು ಮನೆಗೂ ಜೋಡಿ ಜೋಡಿಯಾಗಿ ಹೋಗಿ ವಿವರ ಬರೆದು ತಂದರು. ಎಷ್ಟು ನಲ್ಲಿ ಸೋರುತ್ತವೆ, ಮನೆಯಲ್ಲಿ ಎಷ್ಟು ಜನ, ಭಾನುವಾರ ಯಾರಿಗೆ ಬಿಡುವು, ಯಾರಿಗೆ ಬೆನ್ನುನೋವು, ಯಾವ ಮನೆಯ ನಾಯಿ ಕಚ್ಚುತ್ತದೆ, ಎಲ್ಲವೂ ಪಟ್ಟಿಯ ಪುಸ್ತಕದಲ್ಲಿತ್ತು. ಅರುವತ್ತೊಂದು ನಲ್ಲಿ. ಮೂರನೆಯ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬೀದಿಯ ದೊಡ್ಡ ವಾಲ್ವು ಮುಚ್ಚುವುದು, ಆರು ಜೋಡಿ ಆರು ಕಡೆಯಿಂದ ಕೆಲಸ ಶುರುಮಾಡುವುದು, ಹನ್ನೊಂದಕ್ಕೆ ವಾಲ್ವು ತೆರೆಯುವುದು. ನೀರು ಸರಬರಾಜು ಕಚೇರಿಯ ಎಂಜಿನಿಯರಿಗೆ ತಾವೇ ಅರ್ಜಿ ಬರೆದು ಒಪ್ಪಿಗೆಯನ್ನೂ ತಂದರು.

ಭಾವನಿಗೆ ಅವರು ವಹಿಸಿದ್ದು ಎರಡೇ ಕೆಲಸ. ಒಂದು, ಬೀದಿಯ ತುದಿಯ ಹೆರಿಗೆ ಆಸ್ಪತ್ರೆಗೆ ಹೋಗಿ, ಹಿಂದಿನ ಸಂಜೆಯೇ ಟ್ಯಾಂಕು ತುಂಬಿಸಿಟ್ಟುಕೊಳ್ಳಿ ಎಂದು ಹೇಳುವುದು. ಎರಡು, ಕಚೇರಿಯ ವಾಲ್ವ್‌ಮನ್ನನ್ನು ಆ ದಿನಕ್ಕೆ ಗೊತ್ತುಮಾಡುವುದು. ಎರಡನ್ನೂ ಚೀಟಿಯಲ್ಲಿ ಬರೆದು ಪಟ್ಟಿ ಅವರ ಜೇಬಿಗೇ ಹಾಕಿದ್ದಳು.

ಭಾವ ಆಸ್ಪತ್ರೆಗೆ ಹೋದದ್ದು ನಿಜ. ಅಲ್ಲಿನ ಹಿರಿಯ ನರ್ಸಮ್ಮ ಕುರ್ಚಿ ಕೊಟ್ಟು, ನೀವೇನಾ ಶಾಲೆಯ ಮಕ್ಕಳನ್ನು ತಯಾರು ಮಾಡುತ್ತಿರುವವರು ಎಂದು ಕೇಳಿದರಂತೆ. ಕೇಳಬಾರದಿತ್ತು. ಭಾವ ಮುಕ್ಕಾಲು ಗಂಟೆ ನಾಯಕತ್ವವನ್ನು ವಿವರಿಸಿ, ಆಕೆ ಕೊಟ್ಟ ಚಹ ಕುಡಿದು, ನಮಸ್ಕಾರ ಹೇಳಿ ಎದ್ದು ಬಂದರು. ನೀರಿನ ಮಾತು ಚೀಟಿಯಲ್ಲೇ ಉಳಿಯಿತು, ಚೀಟಿ ಜೇಬಿನಲ್ಲೇ ಉಳಿಯಿತು. ಇನ್ನು ವಾಲ್ವ್‌ಮನ್. ಅವನು ಬರಲು ಒಪ್ಪಿದ್ದ. ಆದರೆ ಮಾರ್ಗದರ್ಶಕರು ಪಕ್ಕದಲ್ಲಿ ನಿಂತಿರುವಾಗ ಇನ್ನೊಬ್ಬ ಬಂದು ವಾಲ್ವು ತಿರುಗಿಸಿದರೆ ಬೀದಿಯ ಜನ ಏನೆಂದುಕೊಂಡಾರು? ನೀನು ಬರುವುದೇನೂ ಬೇಡ, ಕೀಲಿಯೊಂದು ಕೊಟ್ಟರೆ ಸಾಕು ಎಂದು ಹೇಳಿ, ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಭಾವ ಹೆಗಲ ಮೇಲೆ ಹೊತ್ತು ತಂದರು. ಅದನ್ನು ಕಂಡ ಅಕ್ಕ ಈ ಸಲ "ನೀವಾ?" ಎಂದು ಕೂಡ ಕೇಳಲಿಲ್ಲ.

ಭಾನುವಾರ ಬಂತು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಒಂಬತ್ತಕ್ಕೆ ಸರಿಯಾಗಿ ಭಾವ ರಸ್ತೆಯ ಕಬ್ಬಿಣದ ಮುಚ್ಚಳ ತೆಗೆಸಿ, ಕೀಲಿ ಇಳಿಸಿ, ಬಲಕ್ಕೆ ತಿರುಗಿಸಿದರು. ನೀರು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಭಾವನ ಎದೆ ಅಂಗಿಯ ಗುಂಡಿಗಳಿಗೆ ಕಷ್ಟ ಕೊಟ್ಟಿತು.

ಆಮೇಲಿನ ಎರಡು ಗಂಟೆ ನಾನು ಕಣ್ಣುಬಾಯಿ ಬಿಟ್ಟುಕೊಂಡು ನೋಡಿದೆ. ಒಬ್ಬರೂ ಕೂಗಾಡಲಿಲ್ಲ. ಒಬ್ಬರೂ ಇನ್ನೊಬ್ಬರ ಕೈಗೆ ಅಡ್ಡ ಬರಲಿಲ್ಲ. ಒಂದು ಜೋಡಿ ಬಿಚ್ಚುತ್ತಿತ್ತು. ವಾಷರು ಸಾಲದಿದ್ದರೆ ಬೆರಳು ಎತ್ತಿದರೆ ಸಾಕು, ಬೀದಿಯ ನಡುವೆ ಸ್ಟೂಲಿನ ಮೇಲೆ ನಿಂತಿದ್ದ ಪಟ್ಟಿ ಯಾರನ್ನೋ ಅಟ್ಟುತ್ತಿದ್ದಳು. ಕಚ್ಚುವ ನಾಯಿಯ ಮನೆಗೆ ನಾಯಿಗೆ ಹೆದರದ ಹುಡುಗನನ್ನೇ ಹಾಕಿದ್ದಳು. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅರುವತ್ತೊಂದೂ ಮುಗಿದವು. ಎಲ್ಲದಕ್ಕೂ ಒಂದು ಕೊಂಕು ತೆಗೆಯುವ ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಹನ್ನೊಂದಕ್ಕೆ ಭಾವ ಮತ್ತೆ ಕೀಲಿ ಹಿಡಿದರು. ಮತ್ತೆ ಬಲಕ್ಕೇ ತಿರುಗಿಸಿದರು. ಅದು ಕದಲಲಿಲ್ಲ. ಅಂಗಿಯ ತೋಳು ಮಡಚಿ ತಿರುಗಿಸಿದರು. ಇಲ್ಲ. ಆ ಕಡೆ ತಿರುಗಿಸಿ ನೋಡಬಹುದಲ್ಲ ಎಂದು ಪೋಸ್ಟ್‌ಮಾಸ್ಟರು ಮೆಲ್ಲಗೆ ಹೇಳಿದರು. ಇದು ಮನೆಯ ನಲ್ಲಿಯಲ್ಲ, ಇಲಾಖೆಯ ವಾಲ್ವು ಎಂದರು ಭಾವ. ಉದ್ದದ ಪೈಪೊಂದನ್ನು ಕೀಲಿಯ ಹಿಡಿಗೆ ಸಿಕ್ಕಿಸಿ, ಅದರ ತುದಿಗೆ ತಮ್ಮ ಮೈಭಾರವನ್ನೆಲ್ಲ ಹಾಕಿ ಜೋತುಬಿದ್ದರು. ನೆಲದೊಳಗೆ ಟಣ್ ಎಂದಿತು. ಭಾವ ಬಿದ್ದಲ್ಲೇ ಕೂತರು. ವಾಲ್ವಿನ ತಿರುಗುಗೋಲು ಮುರಿದಿತ್ತು. ಮುಚ್ಚಿದ ವಾಲ್ವು ಮುಚ್ಚಿದಂತೆಯೇ ಉಳಿಯಿತು.

ಕಚೇರಿಗೆ ಫೋನು ಮಾಡಿದೆವು. ರಿಪೇರಿಯವರೆಲ್ಲ ಊರಿನ ಇನ್ನೊಂದು ತುದಿಯಲ್ಲಿ ಒಡೆದ ಪೈಪಿನ ಹಳ್ಳದಲ್ಲಿ ಇಳಿದಿದ್ದಾರೆ, ಬರುವುದಕ್ಕೆ ಎರಡು ಗಂಟೆಯಾದರೂ ಬೇಕು, ಆಮೇಲೆ ರಿಪೇರಿ ಎಂದರು. ಹೋಗಲಿ, ಸಂಜೆಗೆ ಬಂದೀತು ಎಂದು ಜನ ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಆಸ್ಪತ್ರೆಯ ನರ್ಸಮ್ಮ ಓಡುತ್ತ ಬಂದರು.

"ನೀರು ಯಾವಾಗ ಬಿಡ್ತೀರಿ? ಟ್ಯಾಂಕಲ್ಲಿ ಒಂದು ತೊಟ್ಟೂ ಇಲ್ಲ. ಒಳಗೆ ಇಬ್ಬರಿಗೆ ನೋವು ಶುರುವಾಗಿದೆ."

ಪಟ್ಟಿ ಭಾವನ ಕಡೆ ತಿರುಗಿದಳು. ಭಾವನ ಮಗಳೂ ತಿರುಗಿದಳು. ಭಾವ ಜೇಬಿಗೆ ಕೈ ಹಾಕಿದರು, ಚೀಟಿ ಹೊರಬಂತು. ಅವರ ಮುಖ ಬಿಳಿಚಿಕೊಂಡದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ಅವರು ಎದ್ದು ನಿಂತರು. ಇಡೀ ಬೀದಿಗೆ ಕೇಳುವಂತೆ ಹೇಳಿದರು.

"ನಾನು ಹೇಳೋದನ್ನ ಮರೆತೆ. ವಾಲ್ವ್‌ಮನ್ ಬರ್ತೀನಿ ಅಂದ, ನಾನೇ ಬೇಡ ಅಂದೆ. ನಂಗೆ ವಾಲ್ವೂ ಗೊತ್ತಿಲ್ಲ, ನಲ್ಲೀನೂ ಗೊತ್ತಿಲ್ಲ. ನಾನು ಬರೀ ರಿಜಿಸ್ಟರ್ ಬರೆಯೋನು."

ಪೋಸ್ಟ್‌ಮಾಸ್ಟರು ಬಾಯಿ ತೆರೆದರು. ಅವರಿಗಿಂತ ಮೊದಲು ಪಟ್ಟಿ ಮಾತಾಡಿದಳು.

"ಅದನ್ನ ಆಮೇಲೆ ಮಾತಾಡೋಣ ಅಂಕಲ್. ರಿಜಿಸ್ಟರಲ್ಲಿ ಸಂಪು ಇರೋ ಮನೆ ಬರೀತಾರಾ?"

ಭಾವ ಕಣ್ಣು ಮುಚ್ಚಿದರು. ಹತ್ತೊಂಬತ್ತು ವರ್ಷದ ರಿಜಿಸ್ಟರು ಪುಟ ಪುಟವಾಗಿ ಬಾಯಿಂದ ಬರತೊಡಗಿತು. ಹದಿನೇಳನೇ ನಂಬರಿನಲ್ಲಿ ಸಂಪು, ಆರು ಸಾವಿರ ಲೀಟರು. ಇಪ್ಪತ್ಮೂರರಲ್ಲಿ ಸಂಪು, ನಾಲ್ಕು ಸಾವಿರ, ಮುಚ್ಚಳ ಹಿತ್ತಲಲ್ಲಿ. ಮೂವತ್ತೊಂದರಲ್ಲಿ ಇದೆ, ಆದರೆ ಅದರ ಮೇಲೆ ಅಡುಗೆಮನೆ ಕಟ್ಟಿಸಿಕೊಂಡಿದ್ದಾರೆ. ನಲವತ್ತರಲ್ಲಿ ಇಲ್ಲ, ಅರ್ಜಿ ಹಾಕಿ ಹಿಂತೆಗೆದುಕೊಂಡರು. ಒಂದು ಕಡೆಯೂ ತಡವರಿಸಲಿಲ್ಲ. ಹದಿನೇಳನೇ ನಂಬರಿನವರು, ನಮ್ಮ ಮನೆ ಸಂಪು ಎಷ್ಟು ಲೀಟರೆಂದು ನಮಗೇ ಗೊತ್ತಿರಲಿಲ್ಲ ಎಂದು ಉದ್ಗರಿಸಿದರು. ಭಾವನ ಮೇಲೆ ಸಿಟ್ಟಿಗೆದ್ದಿದ್ದ ಬೀದಿ ಅದನ್ನು ಮರೆತು ಅವರನ್ನೇ ನೋಡುತ್ತ ನಿಂತಿತು.

ಪಟ್ಟಿ ಆಗಲೇ ಪುಸ್ತಕದಲ್ಲಿ ಹೊಸ ಪುಟ ತೆರೆದಿದ್ದಳು. ಯಾವ ಮನೆಯಲ್ಲಿ ಎಷ್ಟು ಜನ, ಯಾರಿಗೆ ಬಿಡುವು, ಯಾರಿಗೆ ಬೆನ್ನುನೋವು, ಎಲ್ಲ ಇತ್ತಲ್ಲ. ಹತ್ತೇ ನಿಮಿಷ. ಹದಿನೇಳನೇ ನಂಬರಿನಿಂದ ಆಸ್ಪತ್ರೆಯ ಬಾಗಿಲವರೆಗೆ ಅರುವತ್ತೆಂಟು ಜನರ ಸಾಲು ನಿಂತಿತು. ಗಟ್ಟಿಯಾದವರು ಸಂಪಿನ ಹತ್ತಿರ, ಮಕ್ಕಳು ಮಧ್ಯೆ, ಬೆನ್ನುನೋವಿನವರು ಖಾಲಿ ಬಕೆಟು ಹಿಂದಕ್ಕೆ ಸಾಗಿಸುವ ಸಾಲಿಗೆ. ಪೋಸ್ಟ್‌ಮಾಸ್ಟರನ್ನು ಸಂಪಿನ ಬಾಯಲ್ಲಿ ಕೂರಿಸಿ ಬಕೆಟು ಎಣಿಸುವ ಕೆಲಸ ಕೊಟ್ಟಳು. ಅವರು ಒಂದು ಮಾತೂ ಎದುರಾಡದೆ ಪೆನ್ಸಿಲು ಚೂಪುಮಾಡಿದರು. ಭಾವ ಮಾತ್ರ ರಸ್ತೆಯ ನಡುವೆ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಿದ್ದರು. ಮಗಳು ಬಂದು ತಂದೆಯ ಕೈಗೊಂದು ಬಕೆಟು ಕೊಟ್ಟಳು.

"ಅಪ್ಪಾ, ಹಿಡ್ಕೋ. ನನ್ನ ಪಕ್ಕ ನಿಂತ್ಕೋ."

ಬಕೆಟು ಸಾಗಿತು. ಮೊದಮೊದಲು ಅರ್ಧ ನೀರು ರಸ್ತೆಗೇ ಚೆಲ್ಲುತ್ತಿತ್ತು. ಪಟ್ಟಿ ಸ್ಟೂಲಿನ ಮೇಲಿಂದ, ತುಂಬ ತುಂಬಿಸಬೇಡಿ, ಮುಕ್ಕಾಲು ಸಾಕು ಎಂದಳು. ಅಲ್ಲಿಂದ ಒಂದು ತೊಟ್ಟೂ ಚೆಲ್ಲಲಿಲ್ಲ. ಆಸ್ಪತ್ರೆಯಲ್ಲಿ ಮೂರು ಒಲೆ ಹೊತ್ತಿಸಿ ನರ್ಸಮ್ಮ ನೀರು ಕುದಿಸುತ್ತಿದ್ದರು. ಒಂದೂ ಕಾಲರ ಹೊತ್ತಿಗೆ ಜೀಪು ಬಂತು. ಎಂಜಿನಿಯರು ಇಳಿದು, ಸಾಲನ್ನು ಅದರ ಆ ತುದಿಯಿಂದ ಈ ತುದಿಯವರೆಗೆ ನೋಡಿ, ಇಲ್ಲಿಗೆ ಯಾರು ಮುಖ್ಯಸ್ಥರು ಎಂದರು. ಅರುವತ್ತೆಂಟು ಜನರಿಗೂ ಕೈ ಬಿಡುವಿರಲಿಲ್ಲ, ಗಲ್ಲದಿಂದಲೇ ತೋರಿಸಿದರು. ಎಂಜಿನಿಯರು ಸ್ಟೂಲಿನ ಕಡೆ ನೋಡಿದರು.

"ಸರ್, ಸಾಲಿನ ಮಧ್ಯೆ ನಿಂತಿದೀರಿ. ಒಂದೋ ಬಕೆಟ್ ಹಿಡ್ಕೊಳ್ಳಿ, ಇಲ್ಲ ಈ ಕಡೆ ಬನ್ನಿ" ಎಂದಳು ಪಟ್ಟಿ.

ಎಂಜಿನಿಯರು ತಮ್ಮ ಜನರನ್ನು ವಾಲ್ವಿಗೆ ಇಳಿಸಿ, ವಾಚು ಬಿಚ್ಚಿ ಜೇಬಿಗಿಟ್ಟು, ಬಕೆಟು ಹಿಡಿದರು. ಅವರಿಗೆ ಸಿಕ್ಕಿದ ಜಾಗ ನಮ್ಮ ಭಾವನ ಪಕ್ಕ. ಹತ್ತೊಂಬತ್ತು ವರ್ಷದಲ್ಲಿ ಭಾವ ಎಂಜಿನಿಯರ ಅಷ್ಟು ಹತ್ತಿರ ನಿಂತಿರಲಿಲ್ಲ. ವಾಲ್ವು ಮುರಿದವರು ಯಾರು ಎಂದು ಅವರು ಕೇಳಿದರು. ಭಾವ ತುಂಬಿದ ಬಕೆಟನ್ನು ಅವರ ಕೈಗೆ ಕೊಡುತ್ತ, ನಾನೇ ಸರ್ ಎಂದರು. ಎಂಜಿನಿಯರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಇನ್ನೊಂದು ಬಕೆಟು ಬಂತು. ಅದರ ಹಿಂದೆ ಇನ್ನೊಂದು. ಬಯ್ಯುವುದಕ್ಕೆ ಎರಡೂ ಕೈ ಬಿಡುವಿರಬೇಕು ಎಂಬುದು ನನಗೆ ಅಂದು ತಿಳಿಯಿತು.

ಎರಡೂವರೆಗೆ ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಕಾಣಿಸಿಕೊಂಡು ಸಾಲಿನ ಮೊದಲನೆಯವರಿಗೆ ಮೆಲ್ಲಗೆ ಏನೋ ಹೇಳಿದರು. ಖಾಲಿ ಬಕೆಟಿನ ಜೊತೆ ಆ ಮಾತೂ ಬಾಯಿಂದ ಬಾಯಿಗೆ ಹಿಂದಕ್ಕೆ ಬಂತು. ಹೆಣ್ಣು ಮಗು. ತಾಯಿ ಚೆನ್ನಾಗಿದ್ದಾಳೆ. ಸಾಲಿನಲ್ಲಿ ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಬಕೆಟು ಮಾತ್ರ ಇನ್ನಷ್ಟು ಹಗುರಾಗಿ, ಬೇಗ ಬೇಗ ಸಾಗಿತು. ಎಂಜಿನಿಯರ ಕಣ್ಣಂಚು ಒದ್ದೆಯಾಗಿತ್ತು, ನೀರು ಚಿಮ್ಮಿದ್ದಿರಬೇಕು. ಸುದ್ದಿ ಪೋಸ್ಟ್‌ಮಾಸ್ಟರನ್ನು ಮುಟ್ಟುವ ಹೊತ್ತಿಗೆ ಎರಡು ಹೆಣ್ಣು ಮಗು ಎಂದಾಗಿತ್ತು. ಅವರು ಹಾಗೆಯೇ ಬರೆದುಕೊಂಡರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಅದೂ ನಿಜವಾಯಿತು. ಬರೆದದ್ದನ್ನು ತಿದ್ದುವ ಪ್ರಸಂಗ ತಮ್ಮ ಸೇವೆಯಲ್ಲಿ ಎಂದೂ ಬಂದಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ.

ನಾಲ್ಕೂವರೆಗೆ ನೀರು ಬಂತು. ಒಟ್ಟು ಮುನ್ನೂರ ತೊಂಬತ್ತಾರು ಬಕೆಟು.

ಸೋಮವಾರ ಕಚೇರಿಯಲ್ಲಿ ಭಾವನಿಗೆ ಕಾರಣ ಕೇಳುವ ಮೆಮೊ ಬಂತು. ಅವರು ಅರ್ಧ ಪುಟದಲ್ಲಿ, ಒಂದು ನೆಪವನ್ನೂ ಹೇಳದೆ, ನಡೆದದ್ದನ್ನು ನಡೆದಂತೆ ಬರೆದುಕೊಟ್ಟರು. ಎಂಜಿನಿಯರು ಅದನ್ನು ಎರಡು ಸಲ ಓದಿ, ಮೂರು ತಿಂಗಳು ಶನಿವಾರಗಳಲ್ಲಿ ರಿಪೇರಿಯವರ ಜೊತೆ ಹಳ್ಳಕ್ಕೆ ಇಳಿಯತಕ್ಕದ್ದು ಎಂದು ಆಜ್ಞೆ ಮಾಡಿದರು. ಅಕ್ಕ ಅವರ ಹಳೆಯ ಪ್ಯಾಂಟೊಂದನ್ನು ಹುಡುಕಿ ಇಟ್ಟಳು. ಬೀದಿಯಲ್ಲಿ ಯಾರೂ ಅವರಿಗೆ ನಲ್ಲಿ ತಂದು ತೋರಿಸಲಿಲ್ಲ. ಆದರೆ ಮನೆಯ ಪೈಪು ಯಾವ ಗೋಡೆಯೊಳಗೆ ಹೋಗಿದೆ ಎಂದು ಕೇಳಿಕೊಂಡು ಬರತೊಡಗಿದರು. ಅದು ಅವರಿಗೆ ಗೊತ್ತಿತ್ತು.

ಎರಡು ತಿಂಗಳ ಮೇಲೆ ಮಕ್ಕಳು ನಮ್ಮ ಹಿಂದಿನ ಬೀದಿಯ ನಲ್ಲಿಗಳನ್ನು ಕೈಗೆತ್ತಿಕೊಂಡರು. ವಾಲ್ವು ಮುಚ್ಚಿದಾಗ ಯಾರಿಗಾದರೂ ನೀರು ಬೇಕಾದರೆ ಇರಲಿ ಎಂದು ಬಕೆಟಿನ ಸಾಲನ್ನೂ ಮೊದಲೇ ಯೋಜನೆಗೆ ಸೇರಿಸಿದ್ದರು. ಈ ಸಲ ಮಾರ್ಗದರ್ಶಕರು ಬೇಡ, ಸ್ವಯಂಸೇವಕರು ಬೇಕು, ಇಷ್ಟವಿದ್ದವರು ಅರ್ಜಿ ಹಾಕಿ ಎಂದು ಶಾಲೆಯ ಗೇಟಿಗೆ ಚೀಟಿ ಅಂಟಿಸಿದ್ದರು. ಭಾವ ಅರ್ಜಿ ಹಾಕಿದರು. ಶುಕ್ರವಾರ ಸಂಜೆ ಐದಕ್ಕೆ ಸಂದರ್ಶನ ಎಂದು ಉತ್ತರ ಬಂತು. ಧೈರ್ಯಕ್ಕಿರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು.

ಶಾಲೆಯ ಕೋಣೆಯೊಳಗೆ ಬೆಂಚಿನ ಹಿಂದೆ ಪಟ್ಟಿಯೂ ಇನ್ನಿಬ್ಬರೂ ಕೂತಿದ್ದರು. ಅವರಲ್ಲಿ ಭಾವನ ಮಗಳೂ ಒಬ್ಬಳು. ತಂದೆಯನ್ನು ಕಂಡದ್ದೇ ಅವಳು ಎದ್ದು, ಇವರು ನಮ್ಮಪ್ಪ, ಇವರಿಗೆ ನಾನು ಮಾರ್ಕ್ಸು ಹಾಕಬಾರದು ಎಂದು ಹೇಳಿ ಹೊರಗೆ ಬಂದು ನನ್ನ ಪಕ್ಕ ನಿಂತಳು. ಬಾಗಿಲು ಮುಚ್ಚಿತು. ಅವಳು ಬಾಗಿಲಿಗೆ ಕಿವಿ ಇಟ್ಟಳು. ನಾನೂ ಇಟ್ಟೆ.

ಒಳಗಿನಿಂದ ಪಟ್ಟಿಯ ದನಿ ಕೇಳಿಸಿತು.

"ಕೆಲಸದ ಮಧ್ಯೆ ನಿಮಗೆ ಗೊತ್ತಿಲ್ಲದ್ದು ಏನಾದ್ರೂ ಬಂದ್ರೆ ಏನ್ ಮಾಡ್ತೀರಿ, ಅಂಕಲ್?"

ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು.

"ಗೊತ್ತಿಲ್ಲ ಅಂತೀನಮ್ಮಾ. ಆಮೇಲೆ ಕೇಳ್ತೀನಿ."

ಒಳಗೆ ಪಿಸುಪಿಸು ಮಾತು. ಪೆನ್ಸಿಲಿನ ಸದ್ದು. ಬಾಗಿಲು ತೆರೆದಾಗ ನಾವಿಬ್ಬರೂ ಮುಗ್ಗರಿಸಿದೆವು. ಭಾವ ಹೊರಗೆ ಬಂದರು. ಅವರ ಮದುವೆಯ ದಿನವೂ ನಾನು ಪಕ್ಕದಲ್ಲಿದ್ದೆ, ಅಂದೂ ಅವರ ಮುಖ ಹೀಗೆ ಬೆಳಗಿರಲಿಲ್ಲ. ತಗೊಂಡರು ಎಂದರು. ಖಾಲಿ ಬಕೆಟಿನ ಸಾಲಿನಲ್ಲಿ, ಕೊನೆಯಿಂದ ಎರಡನೆಯ ಜಾಗವಂತೆ.

ಮಗಳು ಅವರ ಅಂಗಿಯ ಕಾಲರು ಸರಿಮಾಡಿದಳು.

"ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಪ್ಪಾ. ಲೇಟಾದ್ರೆ ಬೇರೆಯವರನ್ನ ಹಾಕ್ಕೋತಾರೆ."

ಭಾನುವಾರ ಏಳು ಗಂಟೆಗೆ ನಾನು ಹಿಂದಿನ ಬೀದಿಗೆ ಹೋಗಿ ನೋಡಿದಾಗ ಅಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಭಾವ ಒಬ್ಬರೇ ಇದ್ದರು. ಸಾಲು ಎಲ್ಲಿಂದ ಎಲ್ಲಿಗೆ ಹೋಗಬಹುದೆಂದು ಹೆಜ್ಜೆಯಲ್ಲಿ ಅಳೆದು, ಕೊನೆಯಿಂದ ಎರಡನೆಯ ಜಾಗದಲ್ಲಿ ಕಾಲು ಜೋಡಿಸಿ ನಿಂತಿದ್ದರು.